ಅಕ್ಕ ತವರಲ್ಲಿ, ನಾನು ಅತ್ತೆ ಮನೆಯಲ್ಲಿ: ನಾನಿನ್ನೂ ಅವಳ ತಂಗಿನಾ?

ಪ್ರಶ್ನೆ: ನಾನು ಮತ್ತು ಅಕ್ಕ ಒಂದೇ ಮನೆಗೆ ಸೊಸೆಯರು. ಅಕ್ಕನ ಮದುವೆಯಾಗಿ 11 ವರ್ಷ. ಅದಾದ 4 ವರ್ಷಕ್ಕೆ ಅವಳ ಮೈದುನನಿಗೇ ನನ್ನನ್ನು ಕೊಟ್ಟರು. ನಮ್ಮದು ದಾವಣಗೆರೆ ಹತ್ತಿರದ ಹಳ್ಳಿ, ತವರು ರಾಣೆಬೆನ್ನೂರು ಕಡೆ. 14 ತಿಂಗಳ ಹಿಂದೆ ಅಕ್ಕ ಮಗಳನ್ನು ಕರೆದುಕೊಂಡು ತವರಿಗೆ ಹೋದಳು, ಮಗಳಿಗೆ ಈಗ 4 ವರ್ಷ. 9 ವರ್ಷದ ಮಗ ಇಲ್ಲೇ ಉಳಿದ. ಅವನನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ಭಾವ ಅಕ್ಕನ ಮೇಲೆ ಕೈ ಮಾಡಿದ್ದನ್ನು ಎರಡು ಸಲ ಕಣ್ಣಾರೆ ನೋಡಿದ್ದೇನೆ. ಆದರೆ ಹಿರಿಯರು ಕೂತು ಮಾತಾಡಿದ ದಿನ ನಾನು ಬಾಯಿ ಬಿಡಲಿಲ್ಲ. "ಅವಳ ಜೊತೆ ಮಾತಾಡೋದಾದರೆ ನೀನೂ ಗಂಟು ಕಟ್ಟು" ಅಂತಾರೆ ಅತ್ತೆ. ನನ್ನ ಗಂಡ ಒಳ್ಳೆಯವರು, ಆದರೆ ಅಕ್ಕನ ಫೋನ್ ಬಂದರೆ ಎದ್ದು ಹೋಗುತ್ತಾರೆ. ನಾನು ಹಿತ್ತಲಲ್ಲಿ ನಿಂತು ಕದ್ದು ಮಾತಾಡುತ್ತೇನೆ. ಹೋದ ವಾರ ಅಕ್ಕ, ಬೀರುವಿನಲ್ಲಿರುವ ತನ್ನ ಒಡವೆ ತಂದುಕೊಡು ಅಂದಳು. ನಾನು ಹಿಂಜರಿದೆ. "ಇಷ್ಟೆಲ್ಲ ನೋಡಿಯೂ ಆ ಮನೆಯಲ್ಲಿ ಅನ್ನ ಉಣ್ತೀಯಲ್ಲ, ನೀನಿನ್ನೂ ನನ್ನ ತಂಗಿನಾ?" ಅಂತ ಕೇಳಿ ಫೋನ್ ಇಟ್ಟಳು. ಕೇಸ್ ಹಾಕುತ್ತಾರಂತೆ, ನನ್ನ ಗಂಡನ ಹೆಸರೂ ಸೇರಿಸುತ್ತಾರಂತೆ. ಅಪ್ಪ ನಮ್ಮ ಹೊಸ್ತಿಲು ತುಳಿದು ವರ್ಷವಾಯಿತು. ಈ ಸಲ ಪಂಚಮಿಗೆ ಕರೆಯಲು ಯಾರೂ ಬರಲಿಲ್ಲ. ಮೊನ್ನೆ ನೋಡಿದರೆ ಹುಡುಗ ತಂಗಿಗೆ ಅಂತ ಕಂಪಾಸ್ ಬಾಕ್ಸಿನಲ್ಲಿ ಚಾಕೊಲೇಟ್ ಎತ್ತಿಟ್ಟಿದ್ದ, ಅದಕ್ಕೆಲ್ಲ ಇರುವೆ ಮುತ್ತಿತ್ತು. ನಾನು ಯಾರ ಕಡೆ ನಿಲ್ಲಲಿ? (ಹೆಸರು ಬೇಡ)

ಉತ್ತರ: ಯಾರ ಕಡೆ ನಿಲ್ಲಲಿ ಅಂತ ಕೇಳಿದ್ದೀರಿ. ಅದಕ್ಕೆ ಆಮೇಲೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಸಾಲು. ಹಿರಿಯರು ಕೂತ ದಿನ ಬಾಯಿ ಬಿಡಲಿಲ್ಲ ಅಂತ ಬರೆದಿದ್ದೀರಿ. ಯಾರೂ ಕೇಳದೆಯೇ ಬರೆದಿದ್ದೀರಿ. ಅಂದರೆ ಅದು ನಿಮ್ಮೊಳಗೆ ಮುಳ್ಳಿನ ಹಾಗೆ ಉಳಿದಿದೆ. ನಿಮ್ಮ ಅಕ್ಕನಿಗೂ ಅದೇ ಮುಳ್ಳು ಚುಚ್ಚುತ್ತಿದೆ.

"ಆ ಮನೆಯಲ್ಲಿ ಅನ್ನ ಉಣ್ತೀಯಲ್ಲ" ಅಂದಾಗ, ಅಕ್ಕ ಮನೆ ಬಿಟ್ಟು ಬಾ ಅನ್ನುತ್ತಿದ್ದಾಳೆ ಅಂತ ನಿಮಗೆ ಅನಿಸಿದೆ. ನನಗೆ ಹಾಗೆ ಕೇಳಿಸುತ್ತಿಲ್ಲ. ಆಪ್ತ ಸಮಾಲೋಚಕಿಯಾಗಿ ನಾನು ಗಂಡನ ಮನೆಯಿಂದ ಹೊರಗೆ ಬಂದ ಹೆಣ್ಣುಮಕ್ಕಳ ಎದುರು ತುಂಬ ವರ್ಷ ಕೂತಿದ್ದೇನೆ. ಏಟು ಬಿದ್ದದ್ದನ್ನು ಅವರು ಎರಡು ಮಾತಿನಲ್ಲಿ ಹೇಳಿ ಮುಗಿಸುತ್ತಾರೆ. ಗಂಟೆಗಟ್ಟಲೆ ಹೇಳುವುದು ಯಾರೂ ನಂಬಲಿಲ್ಲ ಅನ್ನುವುದನ್ನು. "ಒಂದು ಕೈಲಿ ಚಪ್ಪಾಳೆ ಆಗುತ್ತಾ", "ಎಲ್ಲರ ಮನೆ ದೋಸೆನೂ ತೂತೇ", "ಸ್ವಲ್ಪ ತಗ್ಗಿ ಬಗ್ಗಿ ನಡೀಬೇಕಿತ್ತು". ಹಿರಿಯರು ಕೂತ ಜಾಗದಲ್ಲಿ ಇಂಥ ಮಾತು ನಿಮ್ಮ ಅಕ್ಕನಿಗೂ ಬಿದ್ದಿರುತ್ತವೆ. ಆಗ ಅವಳು ಒಂದು ಸಲ ನಿಮ್ಮ ಕಡೆ ನೋಡಿರುತ್ತಾಳೆ. ಆ ಕೋಣೆಯಲ್ಲಿ ನಿಜ ಗೊತ್ತಿದ್ದ ಅವಳ ಕಡೆಯ ಜೀವ ನೀವೊಬ್ಬರೇ. ನೀವು ನೆಲ ನೋಡಿದಿರಿ.

ಇದನ್ನು ನಿಮ್ಮನ್ನು ಬೈಯಲು ಹೇಳುತ್ತಿಲ್ಲ. ಎದುರಿಗೆ ಅತ್ತೆ ಮಾವ, ಪಕ್ಕದಲ್ಲಿ ಗಂಡ. ಅವತ್ತು ಬಾಯಿ ಕಟ್ಟಿದ್ದು ಭಯಕ್ಕೆ. ಆ ಭಯ ಸುಳ್ಳಲ್ಲ. ಆದರೆ ಅವತ್ತಿನಿಂದ ಇವತ್ತಿನವರೆಗೆ ನೀವು ಅಕ್ಕನಿಗೆ "ನಾನು ನೋಡಿದ್ದೇನೆ, ನೀನು ಸುಳ್ಳು ಹೇಳುತ್ತಿಲ್ಲ ಅಂತ ನನಗೆ ಗೊತ್ತು" ಅಂತ ಬಾಯಿ ಬಿಟ್ಟು ಹೇಳಿದ್ದೀರಾ? ಹಿತ್ತಲ ಫೋನಿನಲ್ಲಿ ಊಟ ಆಯ್ತಾ, ಮಗು ಹೇಗಿದೆ, ಅಮ್ಮನ ಮಂಡಿನೋವು ಹೇಗಿದೆ ಅಂತ ಮಾತಾಡಿರುತ್ತೀರಿ. ಈ ಒಂದು ಮಾತು ಬಿಟ್ಟುಹೋಗಿರುತ್ತದೆ. ಅವಳು ಒಡವೆ ಕೇಳಿದ್ದರ ಹಿಂದೆಯೂ ಇದೇ ಇದೆ ಅಂತ ನನ್ನ ಅನುಮಾನ. ನೀನು ನನಗಾಗಿ ಏನಾದರೂ ಮಾಡ್ತೀಯಾ ಅಂತ ಅಳೆದು ನೋಡುತ್ತಿದ್ದಾಳೆ. ಬಾಯಲ್ಲಿ ಸಿಗದೇ ಹೋದದ್ದನ್ನು ಒಡವೆಯಲ್ಲಿ ಕೇಳುತ್ತಿದ್ದಾಳೆ.

ಹಾಗಾಗಿ ಮೊದಲ ಕೆಲಸ ಅದು. ಹೇಳಿ. ಯಾವ ದಿನ, ಯಾವ ಜಾಗದಲ್ಲಿ ನೋಡಿದಿರಿ ಅಂತ ಸೇರಿಸಿ ಹೇಳಿ. "ಅವತ್ತು ಹಿರಿಯರ ಮುಂದೆ ಹೇಳಬೇಕಿತ್ತು, ಹೆದರಿದೆ, ತಪ್ಪಾಯ್ತು ಅಕ್ಕ" ಅಂತಲೂ ಹೇಳಿ. ಅವಳು ಬೈಯಬಹುದು, ಅಳಬಹುದು, ಫೋನ್ ಇಟ್ಟುಬಿಡಬಹುದು. ಮೂರು ದಿನ ಬಿಟ್ಟು ನೀವೇ ಮತ್ತೆ ಮಾಡಿ.

ಈಗ ಮನೆಯೊಳಗಿನ ಮಾತು. ಅಕ್ಕ ತಂಗಿಯರನ್ನು ಒಂದೇ ಮನೆಗೆ ಕೊಡುವ ಅಪ್ಪ ಅಮ್ಮಂದಿರ ಲೆಕ್ಕ ಒಳ್ಳೆಯದೇ ಇರುತ್ತದೆ. ಗೊತ್ತಿರುವ ಮನೆ, ವಾರಗಿತ್ತಿಯರ ಜಗಳ ಇರಲ್ಲ, ಒಬ್ಬಳಿಗೊಬ್ಬಳು ಆಸರೆ. ಎಲ್ಲ ಸರಿ ಇರುವಷ್ಟು ದಿನ ಆ ಲೆಕ್ಕ ಸರಿಯಾಗೇ ನಡೆಯುತ್ತದೆ. ಎಷ್ಟು ಸೇರಿಹೋಗಿರುತ್ತದೆ ಅಂದರೆ ನಮ್ಮ ಭಾಷೆಗೂ ಬಿಡಿಸಲು ಬರುವುದಿಲ್ಲ. ಅಕ್ಕನ ಗಂಡನೂ ಭಾವ, ಗಂಡನ ಅಣ್ಣನೂ ಭಾವ. ಅಕ್ಕನ ಮಗನಿಗೆ ನೀವು ತಾಯಿ ಕಡೆಯಿಂದಲೂ ಚಿಕ್ಕಮ್ಮ, ತಂದೆ ಕಡೆಯಿಂದಲೂ ಚಿಕ್ಕಮ್ಮ. ಒಂದು ಮದುವೆ ಮುರಿದಾಗ ಇನ್ನೊಂದು ಮದುವೆಯ ಗೋಡೆಯೂ ಬಿರುಕು ಬಿಡುವುದು ಅದಕ್ಕೇ. ಬೇರೆ ಮನೆಗೆ ಮದುವೆಯಾಗಿದ್ದರೆ ನೀವು ಅಕ್ಕನ ಪರ ನಿಲ್ಲಲು ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಅಮೆರಿಕದ ಮನೋವೈದ್ಯ ಮರ್ರೆ ಬೋವೆನ್ ಕುಟುಂಬಗಳ ಬಗ್ಗೆ ಒಂದು ಮಾತು ಹೇಳಿದ್ದರು. ಇಬ್ಬರ ನಡುವೆ ಬಿಸಿ ಜಾಸ್ತಿ ಆದಾಗ ಅವರು ಮೂರನೆಯವರನ್ನು ಒಳಗೆ ಎಳೆದುಕೊಳ್ಳುತ್ತಾರೆ. ಆಗ ಇಬ್ಬರ ಮೇಲಿನ ಒತ್ತಡ ಸ್ವಲ್ಪ ಇಳಿಯುತ್ತದೆ, ಮೂರನೆಯವರ ಮೇಲೆ ಏರುತ್ತದೆ. ಅದನ್ನು ಅವರು ತ್ರಿಕೋನ ಅಂತ ಕರೆದರು. ನೀವು ಆ ಮೂರನೆಯ ಮೂಲೆ. ಅಕ್ಕನ ಸಿಟ್ಟು ಭಾವನ ಮೇಲೆ, ಬೀಳುವುದು ನಿಮ್ಮ ಮೇಲೆ. ಅತ್ತೆಗೆ ದೊಡ್ಡ ಸೊಸೆ ಕೈಗೆ ಸಿಗಲ್ಲ, ಸಿಗುವುದು ನೀವು. ಈ ಕಡೆಯವರು "ಅಲ್ಲಿ ಏನಂತಾಳೆ" ಅಂತ ಕೇಳುತ್ತಾರೆ, ಆ ಕಡೆಯವರು "ಇಲ್ಲಿ ಏನು ನಡೀತಿದೆ" ಅಂತ ಕೇಳುತ್ತಾರೆ. ಎರಡಕ್ಕೂ ಉತ್ತರ ಕೊಡುವುದನ್ನು ಇವತ್ತಿನಿಂದಲೇ ನಿಲ್ಲಿಸಿ. ನೋಡಿದ್ದಕ್ಕೆ ಸಾಕ್ಷಿಯಾಗುವುದು ಬೇರೆ, ಸುದ್ದಿ ಸಾಗಿಸುವುದು ಬೇರೆ. ಸಾಕ್ಷಿ ಹೇಳುವುದು ನಿಮ್ಮ ಋಣ. ಸುದ್ದಿ ಸಾಗಿಸುವುದು ಯಾರಿಗೂ ಒಳ್ಳೆಯದು ಮಾಡಲ್ಲ. ಭಾವ ಯಾರ ಜೊತೆ ಓಡಾಡುತ್ತಾರೆ, ಅತ್ತೆ ಏನಂದರು ಅನ್ನುವುದನ್ನು ಅಕ್ಕನಿಗೆ ಮುಟ್ಟಿಸಬೇಡಿ. ಅಕ್ಕ ಯಾವ ವಕೀಲರ ಹತ್ತಿರ ಹೋದಳು ಅನ್ನುವುದನ್ನು ಇಲ್ಲಿ ಬಿಡಬೇಡಿ.

ಇದಕ್ಕೆ ಒಂದೇ ಒಂದು ಹೊರತು. ಭಾವನಿಗೆ ಇನ್ನೊಂದು ಸಂಬಂಧ ನೋಡುವ ಮಾತು ಮನೆಯಲ್ಲಿ ಎದ್ದರೆ ಅದನ್ನು ಅಕ್ಕನಿಗೆ ನೀವೇ ಹೇಳಬೇಕು. ವಿಚ್ಛೇದನ ಆಗದೆ ಎರಡನೇ ಮದುವೆಗೆ ಕಾನೂನಿನಲ್ಲಿ ಬೆಲೆ ಇಲ್ಲ, ಅದು ಅಪರಾಧವೂ ಹೌದು. ಈ ಸುದ್ದಿಯನ್ನು ಅವಳು ಊರವರ ಬಾಯಿಂದ ಕೇಳಬಾರದು.

ಕದ್ದು ಮಾತಾಡುವುದನ್ನು ಬಿಡಿ. ಇದು ನಿಮಗೆ ಕಷ್ಟ ಅನಿಸುತ್ತದೆ ಅಂತ ಗೊತ್ತು. ಆದರೆ ಹಿತ್ತಲ ಫೋನು ಎರಡೂ ಕಡೆ ಕೆಡುಕು ಮಾಡುತ್ತಿದೆ. ಗಂಡನಿಗೆ ನೀವು ಏನೋ ಮುಚ್ಚಿಡುತ್ತೀರಿ ಅನಿಸುತ್ತದೆ. ಅಕ್ಕನಿಗೆ ನೀವು ಅವಳ ತಂಗಿ ಅಂತ ಹೇಳಿಕೊಳ್ಳಲು ನಾಚುತ್ತೀರಿ ಅನಿಸುತ್ತದೆ. ಪಾತ್ರೆ ತೊಳೆಯುತ್ತ, ಭುಜಕ್ಕೂ ಕಿವಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು, ಬಾಗಿಲ ಕಡೆ ಕಣ್ಣಿಟ್ಟು ಆಡುವ ಮಾತಿನಲ್ಲಿ ಯಾರ ಮನಸ್ಸೂ ಹಗುರ ಆಗಲ್ಲ.

ಮೊದಲು ಗಂಡನ ಹತ್ತಿರ ಮಾತಾಡಿ. ಅತ್ತೆಯ ಹತ್ತಿರ ಅಲ್ಲ, ಇಬ್ಬರ ಎದುರಿಗೆ ಒಟ್ಟಿಗೂ ಅಲ್ಲ. ಅವರೊಬ್ಬರೇ ಇರುವಾಗ, ಹೊಟ್ಟೆ ತುಂಬಿರುವಾಗ. ಅವರು ಒಳ್ಳೆಯವರು ಅಂದಿದ್ದೀರಿ, ನಾನು ನಂಬುತ್ತೇನೆ. ಎದ್ದು ಹೋಗುವ ಗಂಡಸು ಎಷ್ಟೋ ಸಲ ಸಿಟ್ಟಿಗಿಂತ ಜಾಸ್ತಿ ನಾಚಿಕೆಯಿಂದ ಎದ್ದು ಹೋಗುತ್ತಾನೆ. ಅಣ್ಣ ಮಾಡಿದ್ದು ಅವರಿಗೂ ಗೊತ್ತು. ನಿಮಗೆ ಒಬ್ಬ ಅಕ್ಕ ಇದ್ದ ಹಾಗೆ ಅವರಿಗೆ ಒಬ್ಬ ಅಣ್ಣ. ಅದನ್ನು ಒಪ್ಪಿಕೊಂಡೇ ಮಾತು ಶುರು ಮಾಡಿ. "ನಿಮ್ಮ ಅಣ್ಣನನ್ನು ಬಿಡಿ ಅಂತ ನಾನು ಕೇಳಲ್ಲ. ನನ್ನ ಅಕ್ಕನನ್ನು ಬಿಡು ಅಂತ ನೀವೂ ಕೇಳಬೇಡಿ. ಭಾನುವಾರ ಸಂಜೆ ನಾನು ಅಕ್ಕನ ಜೊತೆ ಮಾತಾಡುತ್ತೇನೆ. ಪಡಸಾಲೆಯಲ್ಲೇ ಕೂತು ಮಾತಾಡುತ್ತೇನೆ. ಕೇಸಿನ ವಿಷಯ ಎತ್ತಲ್ಲ." ಇಷ್ಟು ಸಾಕು. ವಾರಕ್ಕೆ ಒಂದೇ ದಿನ ಅಂತ ಗೊತ್ತು ಮಾಡಿದರೆ ಮನೆಯವರಿಗೂ ಅದು ಮೆಲ್ಲಗೆ ರೂಢಿಯಾಗುತ್ತದೆ. ಮೊದಲ ಎರಡು ಮೂರು ಭಾನುವಾರ ಪಾತ್ರೆ ಸದ್ದು ಜೋರಾಗಿಯೇ ಇರುತ್ತದೆ. ತಡೆದುಕೊಳ್ಳಿ.

ಅತ್ತೆ "ಗಂಟು ಕಟ್ಟು" ಅನ್ನುತ್ತಾರಲ್ಲ, ಅದರ ಬಗ್ಗೆ ನಿಮಗೆ ಕಾನೂನು ಗೊತ್ತಿರಬೇಕು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ 17ನೇ ಕಲಂ ಪ್ರಕಾರ ಮದುವೆಯಾಗಿ ಬಂದು ವಾಸ ಮಾಡುತ್ತಿರುವ ಮನೆಯಲ್ಲಿ ಇರುವ ಹಕ್ಕು ಹೆಣ್ಣಿಗೆ ಇದೆ. ಮನೆ ಅವಳ ಹೆಸರಲ್ಲಿ ಇರಬೇಕಿಲ್ಲ. ಮನೆ ಅತ್ತೆ ಮಾವನ ಹೆಸರಿನಲ್ಲಿದ್ದರೂ ಈ ಹಕ್ಕು ಕೇಳಬಹುದು ಅಂತ ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್‌ನಲ್ಲಿ ಹೇಳಿದೆ. ಕೋರ್ಟಿನ ದಾರಿ ಹಿಡಿಯದೆ ಸುಮ್ನೆ ಯಾರೂ ನಿಮ್ಮನ್ನು ಹೊರಗೆ ಹಾಕುವಂತಿಲ್ಲ. ಇದನ್ನು ಅತ್ತೆಯ ಮುಖಕ್ಕೆ ಹಿಡಿಯಬೇಡಿ. ನಿಮ್ಮ ಎದೆಯಲ್ಲಿ ಇಟ್ಟುಕೊಳ್ಳಿ. ಭಯ ಅರ್ಧ ಇಳಿಯುತ್ತದೆ, ಭಯ ಇಳಿದರೆ ಮಾತು ತಾನಾಗಿ ನೆಟ್ಟಗಾಗುತ್ತದೆ.

ಒಡವೆ ವಿಷಯದಲ್ಲಿ ನೀವು ಹಿಂಜರಿದದ್ದು ಸರಿ. ಬೀರುವಿನ ಬೀಗದ ಕೈ ಅತ್ತೆಯ ಸೊಂಟದಲ್ಲಿರುತ್ತದೆ. ನೀವು ಕದ್ದು ತೆಗೆದರೆ ನಾಳೆ ಇಲ್ಲದ ಒಂದೆಳೆ ಸರವೂ ನಿಮ್ಮ ತಲೆಗೆ ಬರುತ್ತದೆ. ಅಕ್ಕನ ಕೇಸೂ ಕೆಡುತ್ತದೆ. ಆದರೆ ತರಲ್ಲ ಅಂತ ಹೇಳಿ ಸುಮ್ಮನಾಗಬೇಡಿ. ಒಡವೆ ಅಕ್ಕನದೇ. ತವರಿನವರು ಹಾಕಿದ್ದು, ಅತ್ತೆ ಮನೆಯವರು ಅವಳಿಗೆ ಅಂತ ಕೊಟ್ಟದ್ದು, ನೆಂಟರು ಮುಯ್ಯಿ ಮಾಡಿದ್ದು, ಎಲ್ಲ ಸ್ತ್ರೀಧನ. 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿತು. ಅದು ಪೂರ್ತಿ ಅವಳ ಸೊತ್ತು, ಅವಳು ಕೇಳಿದಾಗ ಕೊಡದಿದ್ದರೆ ನಂಬಿಕೆ ದ್ರೋಹದ ಅಪರಾಧವಾಗುತ್ತದೆ.

ತಂಗಿಯಾಗಿ ನೀವು ಮಾಡಬಹುದಾದದ್ದು ಬೇರೆ ಇದೆ. ಒಂದು ಹಾಳೆ ತೆಗೆದುಕೊಂಡು ಇಬ್ಬರೂ ಫೋನಿನಲ್ಲೇ ನೆನಪು ಮಾಡಿಕೊಂಡು ಪಟ್ಟಿ ಬರೆಯಿರಿ. ಬೋರಮಾಳ ಸರ ಎಷ್ಟು ತೊಲ, ಯಾರು ಹಾಕಿದ್ದು. ಜುಮುಕಿ ಯಾವಾಗ ಬದಲಾಯಿಸಿದ್ದು. ಬೆಳ್ಳಿ ಕಾಲುಂಗುರ, ಮಗಳ ನಾಮಕರಣದ ಬಳೆ. ಮದುವೆ ಆಲ್ಬಮ್ಮಿನಲ್ಲಿ ಯಾವ ಫೋಟೊದಲ್ಲಿ ಯಾವುದು ಕಾಣುತ್ತದೆ. ಒಡವೆ ಮಾಡಿಸಿದ ಅಂಗಡಿಯ ಹಳೇ ಚೀಟಿ ಅಮ್ಮನ ಟ್ರಂಕಿನಲ್ಲಿ ಇದೆಯಾ. ಆ ಪಟ್ಟಿ ಹಿಡಿದು ಅಕ್ಕ ತಾಲ್ಲೂಕಿನ ಸಿಡಿಪಿಒ ಕಚೇರಿಗೆ ಹೋಗಲಿ. ನಮ್ಮಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಸಂರಕ್ಷಣಾಧಿಕಾರಿಗಳು. ಅಂಗನವಾಡಿ ನೋಡಿಕೊಳ್ಳುವ ಕಚೇರಿ ಅಂದರೆ ಎಲ್ಲರಿಗೂ ಗೊತ್ತಿರುತ್ತದೆ. ಅವರು ವರದಿ ತಯಾರು ಮಾಡಿ ಮ್ಯಾಜಿಸ್ಟ್ರೇಟ್ ಮುಂದೆ ಇಡುತ್ತಾರೆ. ಸ್ತ್ರೀಧನ ವಾಪಸ್ ಕೊಡಿ ಅಂತ ಆದೇಶ ಮಾಡುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಅದೇ ಕಾಯ್ದೆಯ 19ನೇ ಕಲಮಿನಲ್ಲಿದೆ. ವಕೀಲರ ಫೀಸಿಗೆ ಹೆದರಬೇಕಿಲ್ಲ. ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ಸಹಾಯವಾಣಿ 15100. ಮಹಿಳಾ ಸಹಾಯವಾಣಿ 181. ಇಷ್ಟನ್ನೂ ಬರೆದು ಅಕ್ಕನಿಗೆ ಕಳಿಸಿದರೆ ಒಡವೆ ತಂದುಕೊಟ್ಟದ್ದಕ್ಕಿಂತ ದೊಡ್ಡ ಉಪಕಾರ.

ಇನ್ನೊಂದು ಮಾತನ್ನೂ ಅವಳಿಗೆ ಹೇಳಿ. ಜೀವನಾಂಶ ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ ಸಿಗಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಂದರೆ ಅರ್ಜಿ ಹಾಕದೆ ಕಳೆದ ತಿಂಗಳು ಲೆಕ್ಕಕ್ಕೆ ಬರುವುದು ಕಷ್ಟ. ಸಂಸಾರ ಮತ್ತೆ ಕೂಡುತ್ತೋ ಇಲ್ಲವೋ ಅಂತ ನೋಡುತ್ತ 14 ತಿಂಗಳು ಹೋಗಿದೆ. ಅರ್ಜಿ ಹಾಕಿದರೆ ರಾಜಿಯ ಬಾಗಿಲು ಮುಚ್ಚುವುದಿಲ್ಲ. ಕೌಟುಂಬಿಕ ನ್ಯಾಯಾಲಯವೇ ಮೊದಲು ಇಬ್ಬರನ್ನೂ ಕೂರಿಸಿ ಮಾತಾಡಿಸುತ್ತದೆ.

ಕೇಸಿನಲ್ಲಿ ನಿಮ್ಮ ಗಂಡನ ಹೆಸರು ಸೇರಿಸುವ ಮಾತು. ಗಂಡ ಮತ್ತು ಅವನ ಮನೆಯವರು ಹೆಣ್ಣಿಗೆ ಕೊಡುವ ಹಿಂಸೆಗೆ ಶಿಕ್ಷೆ ಹೇಳುವ, ಮೊದಲು 498ಎ ಅನ್ನುತ್ತಿದ್ದ ಕಲಂ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ ಆಗಿದೆ. ಸಿಟ್ಟಿನಲ್ಲಿ ದೂರು ಬರೆಸುವಾಗ ಮನೆಯವರ ಹೆಸರೆಲ್ಲ ಸಾಲಾಗಿ ಹೋಗುತ್ತವೆ. ಇದರಿಂದ ಅಕ್ಕನಿಗೇ ನಷ್ಟ. ಯಾರು, ಯಾವಾಗ, ಏನು ಮಾಡಿದರು ಅಂತ ಇಲ್ಲದೆ ಗಂಡನ ಮನೆಯವರೆಲ್ಲರ ಮೇಲೆ ಒಟ್ಟಾಗಿ ಹೊರಿಸಿದ ಆರೋಪವನ್ನು ಸುಪ್ರೀಂ ಕೋರ್ಟ್ 2022ರಲ್ಲಿ ಬಿಹಾರದ ಒಂದು ಪ್ರಕರಣದಲ್ಲಿ ತಳ್ಳಿಹಾಕಿದೆ. ದೂರು ಬಿದ್ದ ಕೂಡಲೇ ಪೊಲೀಸರು ಎಳೆದುಕೊಂಡು ಹೋಗುತ್ತಾರೆ ಅಂತ ನೀವೂ ಹೆದರಬೇಡಿ. ಇಂಥ ಕೇಸಿನಲ್ಲಿ ಕಾರಣ ಬರೆಯದೆ ತಾನಾಗಿ ಬಂಧಿಸಬಾರದು ಅಂತ 2014ರಿಂದಲೇ ಸುಪ್ರೀಂ ಕೋರ್ಟಿನ ಕಟ್ಟಪ್ಪಣೆ ಇದೆ.

ಇದೊಂದನ್ನು ಅಕ್ಕನ ಹತ್ತಿರ ನೇರವಾಗಿ ಕೇಳುವ ಹಕ್ಕು ನಿಮಗಿದೆ. ದೂರು ಕೊಡಬೇಡ ಅಂತ ಕೇಳಬೇಡಿ. "ನಡೆದದ್ದನ್ನು ನಡೆದ ಹಾಗೆ ಬರೆಸು, ಮಾಡದವರ ಹೆಸರು ಬರೆಸಬೇಡ" ಅಂತ ಕೇಳಿ. ಆದರೆ ಕ್ರಮ ತಪ್ಪಬೇಡಿ. ಮೊದಲು "ನಾನು ನೋಡಿದ್ದೇನೆ" ಅನ್ನುವ ಮಾತು ಆಗಿರಬೇಕು. ಅದು ಆಗದೆ ಇದನ್ನು ಕೇಳಿದರೆ, ಗಂಡನನ್ನು ಉಳಿಸಿಕೊಳ್ಳಲು ಬಂದಳು ಅಂತಲೇ ಅವಳಿಗೆ ಅನಿಸುತ್ತದೆ.

ಮುಂದೆ ಕೋರ್ಟು ನಿಮ್ಮನ್ನು ಕರೆದರೆ? ನೋಡಿದ ಎರಡು ಸಲದ್ದನ್ನು ಹೇಳಿ. ಮೂರನೆಯದು ಸೇರಿಸಬೇಡಿ, ಎರಡರಲ್ಲಿ ಒಂದನ್ನು ಕಳೆಯಲೂ ಬೇಡಿ. "ನೋಡಿಲ್ಲ" ಅಂತ ಹೇಳಿಸಲು ಮನೆಯವರು ಒತ್ತಡ ತರಬಹುದು. ಈ ಜಾಗದಲ್ಲಿ ನಾನು ಮಧ್ಯದ ದಾರಿ ಹೇಳುವುದಿಲ್ಲ. ಸುಳ್ಳು ಸಾಕ್ಷಿ ಅಪರಾಧ, ಅದು ಒಂದು ಕಡೆ ಇರಲಿ. ನಿಮ್ಮ ಅಕ್ಕ ನೀವು ಆ ಮನೆಯಲ್ಲಿ ಇದ್ದದ್ದನ್ನು ಒಂದು ದಿನ ಮರೆಯುತ್ತಾಳೆ. "ನೋಡಿಲ್ಲ" ಅಂದದ್ದನ್ನು ಮರೆಯುವುದಿಲ್ಲ. ಈಗಲೇ ಒಂದು ನೋಟ್‌ಬುಕ್ಕಿನಲ್ಲಿ ನೆನಪಿರುವುದನ್ನು ಬರೆದಿಡಿ. ತಿಂಗಳು, ಹೊತ್ತು, ಯಾವ ಕೋಣೆ, ಆಮೇಲೆ ಏನಾಯಿತು. ವರ್ಷ ಕಳೆದ ಹಾಗೆ ನೆನಪು ಮಸುಕಾಗುತ್ತದೆ, ಆಗ ಬೇರೆಯವರ ಮಾತು ಅದರೊಳಗೆ ಸೇರಿಕೊಳ್ಳುತ್ತದೆ. ಇದನ್ನು ಗಂಡನಿಗೂ ಮುಂಚೆಯೇ ಹೇಳಿಡಿ. ಕೋರ್ಟಿನಲ್ಲಿ ಅವರಿಗೆ ಗಾಬರಿ ಆಗಬಾರದು.

ಈಗ ಹುಡುಗನ ವಿಷಯ. ನನ್ನ ಮನಸ್ಸು ಪತ್ರ ಓದಿದಾಗಿನಿಂದ ಆ ಕಂಪಾಸ್ ಬಾಕ್ಸಿನಲ್ಲೇ ಇದೆ. ಈ ಮನೆಯಲ್ಲಿ ಬೇರೆಯಾದದ್ದು ಗಂಡ ಹೆಂಡತಿ, ಅಕ್ಕ ತಂಗಿ ಅಷ್ಟೇ ಅಲ್ಲ. ಒಬ್ಬ ಅಣ್ಣ ಮತ್ತು ಅವನ ತಂಗಿಯೂ ಬೇರೆಯಾಗಿದ್ದಾರೆ. ದೊಡ್ಡವರ ಪಂಚಾಯ್ತಿಯಲ್ಲಿ ಅದನ್ನು ಯಾರೂ ಎತ್ತಿಲ್ಲ. 9 ವರ್ಷದ ಹುಡುಗ ನನಗೆ ತಂಗಿ ಬೇಕು ಅಂತ ಬಾಯಿ ಬಿಟ್ಟು ಕೇಳುವುದಿಲ್ಲ. ಕೇಳಿದರೆ ಅಪ್ಪನಿಗೆ ಸಿಟ್ಟು ಬರುತ್ತದೆ, ಅಜ್ಜಿ ಅಳುತ್ತಾರೆ ಅಂತ ಅವನಿಗೆ ಗೊತ್ತು. ಅದಕ್ಕೇ ಚಾಕೊಲೇಟ್ ಎತ್ತಿಡುತ್ತಾನೆ. ಸ್ಕೂಲಿನಲ್ಲಿ ಯಾರದೋ ಹುಟ್ಟುಹಬ್ಬಕ್ಕೆ ಕೊಟ್ಟದ್ದಿರಬೇಕು. ತಿನ್ನದೆ ತಂದಿದ್ದಾನೆ. ಇರುವೆ ಮುತ್ತಿದ್ದನ್ನು ನೋಡಿ ನೀವು ಬಾಕ್ಸ್ ತೊಳೆದು ಇಟ್ಟಿರುತ್ತೀರಿ. ಅವನಿಗೆ ಏನಂದಿರಿ ಅಂತ ಬರೆದಿಲ್ಲ. "ತಂಗಿಗೆ ಇಟ್ಟಿದ್ದಾ? ನಾವು ಕಳಿಸೋಣ" ಅಂತ ಅಂದಿದ್ದರೆ ಒಳ್ಳೆಯದು. ಅಂದಿರದಿದ್ದರೆ ಇವತ್ತು ಅನ್ನಿ.

ಒಂದು ಸ್ಟೀಲ್ ಡಬ್ಬಿ ಕೊಡಿ. ಮುಚ್ಚಳ ಗಟ್ಟಿ ಇರುವಂಥದ್ದು. ತಂಗಿಗೆ ಕೊಡಬೇಕಾದದ್ದನ್ನು ಅದರಲ್ಲಿ ಹಾಕಲಿ. ಎತ್ತಿಡಲು ಮನೆಯಲ್ಲಿ ಒಂದು ಜಾಗ ಇದೆ ಅಂತ ಆದರೆ, ನೆನಪು ಮಾಡಿಕೊಳ್ಳುವುದು ತಪ್ಪಲ್ಲ ಅಂತ ಅವನಿಗೆ ಗೊತ್ತಾಗುತ್ತದೆ.

ಅವನು ಅಮ್ಮನ ಜೊತೆ ಮಾತಾಡುತ್ತಾನಾ? ಅದನ್ನೂ ನೀವು ಬರೆದಿಲ್ಲ, ಆದ್ದರಿಂದ ಇಲ್ಲ ಅಂತಲೇ ಅಂದುಕೊಳ್ಳುತ್ತೇನೆ. ಮಗುವಿನಿಂದ ದೂರ ಇರುವ ತಂದೆ ಅಥವಾ ತಾಯಿಗೆ ದಿನಾ 5-10 ನಿಮಿಷ ಮಗುವಿನ ಜೊತೆ ಮಾತಾಡುವ ಹಕ್ಕು ಇರಬೇಕು, ವಿಡಿಯೊ ಕಾಲ್ ಆದರೆ ಇನ್ನೂ ಒಳ್ಳೆಯದು ಅಂತ ಸುಪ್ರೀಂ ಕೋರ್ಟೇ 2020ರಲ್ಲಿ ಹೇಳಿದೆ. ಈ ಹತ್ತು ನಿಮಿಷವನ್ನು ಗಂಡನ ಹತ್ತಿರ ಕೇಳಿ ಪಡೆಯಿರಿ, ಬೇಕಾದರೆ ಭಾವನ ಹತ್ತಿರವೂ. "ಅಕ್ಕನಿಗೋಸ್ಕರ" ಅನ್ನಬೇಡಿ, "ಹುಡುಗ ರಾತ್ರಿ ಸರಿಯಾಗಿ ನಿದ್ದೆ ಮಾಡಲ್ಲ, ಓದಿನಲ್ಲಿ ಮನಸ್ಸಿಲ್ಲ" ಅನ್ನಿ. ಎಂಥ ಹಟದ ಗಂಡಸೂ ಮಗನ ವಿಷಯದಲ್ಲಿ ಒಂದು ಕ್ಷಣ ನಿಲ್ಲುತ್ತಾನೆ. ಒಪ್ಪದಿದ್ದರೆ ಅಕ್ಕ ಕೋರ್ಟಿನಲ್ಲಿ ಕೇಳಬಹುದು. ಹೆಣ್ಣುಮಗು 5 ವರ್ಷದೊಳಗಿನದು, ಸಾಮಾನ್ಯವಾಗಿ ತಾಯಿಯ ಹತ್ತಿರವೇ ಇರಬೇಕು ಅಂತ 1956ರ ಹಿಂದೂ ಅಪ್ರಾಪ್ತವಯಸ್ಕರ ಪಾಲನಾ ಕಾಯ್ದೆ ಹೇಳುತ್ತದೆ. ಹುಡುಗನ ವಿಷಯದಲ್ಲಿ ಅವನ ಒಳಿತು ಎಲ್ಲಿದೆ ಅನ್ನುವುದನ್ನು ಕೋರ್ಟು ನೋಡುತ್ತದೆ, ಅವನನ್ನೂ ಕೇಳಬಹುದು.

ಇಲ್ಲಿ ನಿಮಗೆ ಒಂದು ಕಷ್ಟದ ಮಾತು ಹೇಳಬೇಕು. ನೀವು ಅವನನ್ನು ಚೆನ್ನಾಗಿ ನೋಡಿಕೊಂಡಷ್ಟೂ ಅಕ್ಕನಿಗೆ ಸಮಾಧಾನವೂ ಆಗುತ್ತದೆ, ಹೊಟ್ಟೆ ಉರಿಯೂ ಆಗುತ್ತದೆ. ಮಗನನ್ನು ಬಿಟ್ಟು ಬಂದ ತಾಯಿ ಪ್ರತಿ ರಾತ್ರಿ ತನ್ನನ್ನೇ ತಾನು ಬೈದುಕೊಳ್ಳುತ್ತಾಳೆ. ಅವನ ಡಬ್ಬಿಗೆ ಚಿತ್ರಾನ್ನ ಹಾಕಿದೆ, ತಲೆಗೆ ಎಣ್ಣೆ ಹಚ್ಚಿದೆ ಅಂತ ನೀವು ಪ್ರೀತಿಯಿಂದ ಹೇಳಿದರೂ ಅವಳಿಗೆ "ನಾನಿಲ್ಲದೆ ಎಲ್ಲ ನಡೆಯುತ್ತಿದೆ" ಅಂತ ಕೇಳಿಸಬಹುದು. ಅದಕ್ಕೆ ಹೇಳುವುದಕ್ಕಿಂತ ಕೇಳುವುದು ಜಾಸ್ತಿ ಮಾಡಿ. "ಅವನಿಗೆ ಜ್ವರ ಬಂದಾಗ ನೀನು ಏನು ಕೊಡ್ತಿದ್ದೆ ಅಕ್ಕ?" "ಲೆಕ್ಕ ಬರಲ್ಲ ಅಂತಾನೆ, ಹೇಗೆ ಹೇಳಿಕೊಡಲಿ?" ನಿಮಗೆ ಉತ್ತರ ಗೊತ್ತಿದ್ದರೂ ಕೇಳಿ. ಮಗನ ದಿನದಲ್ಲಿ ಅವಳ ಮಾತಿಗೆ ಜಾಗ ಇರಲಿ. ಹುಡುಗನ ಎದುರು ಅಮ್ಮನನ್ನು ಯಾರಾದರೂ ಆಡಿಕೊಂಡರೆ ಜಗಳ ಬೇಡ, "ಮಗು ಕೇಳಿಸಿಕೊಳ್ತಿದೆ" ಅಂತ ಮೆಲ್ಲಗೆ ಹೇಳಿ ಅವನನ್ನು ಎಬ್ಬಿಸಿಕೊಂಡು ಹೋಗಿ. ಅವನ ಅಪ್ಪನನ್ನೂ ನೀವು ಆಡಿಕೊಳ್ಳಬೇಡಿ.

ಅಪ್ಪ ಹೊಸ್ತಿಲು ತುಳಿಯುತ್ತಿಲ್ಲ ಅಂದಿರಿ. ಅವರ ಸಿಟ್ಟು ನಿಮ್ಮ ಮೇಲೆ ಇದ್ದ ಹಾಗೆ ಕಾಣುವುದಿಲ್ಲ. ಇಬ್ಬರು ಹೆಣ್ಣುಮಕ್ಕಳನ್ನೂ ಒಂದೇ ಮನೆಗೆ ಕೊಟ್ಟವರು ಅವರು. ತಾವೇ ಕೈಯಾರೆ ಕೊಟ್ಟೆ ಅನ್ನುವುದು ಅವರನ್ನು ತಿನ್ನುತ್ತಿರಬೇಕು. ನಮ್ಮ ಕಡೆ ಪಂಚಮಿಗೆ ತವರಿನಿಂದ ಕರೆಯಲು ಬರುವುದು ಅಂದರೆ ಹೆಣ್ಣುಮಕ್ಕಳಿಗೆ ಎಷ್ಟು ದೊಡ್ಡದು ಅಂತ ಗೊತ್ತು. ಜೋಕಾಲಿ, ಅಳ್ಳು, ಎಳ್ಳುಂಡಿ, ಶೇಂಗಾ ಉಂಡಿ, ಬರುವಾಗ ಉಡಿ ತುಂಬಿ ಕಳಿಸುವುದು. ಈ ವರ್ಷ ಬಾಗಿಲಲ್ಲಿ ನಿಂತು ಎಷ್ಟು ಸಲ ದಾರಿ ನೋಡಿದಿರೋ. ಮುಂದಿನ ಹಬ್ಬಕ್ಕೆ ಕಾಯಬೇಡಿ. ಕರೆಯಲು ಬರದಿದ್ದರೆ ನೀವೇ ಹೋಗಿ. ಮನೆಗೆ ಹೋಗುವುದಕ್ಕೆ ಇಲ್ಲಿ ತಕರಾರಾದರೆ ಹರಿಹರ ಇದೆಯಲ್ಲ, ಎರಡೂ ಊರಿನ ನಡುವೆ. ಹರಿಹರೇಶ್ವರನ ಗುಡಿಗೆ ಹೋಗಿಬರುತ್ತೇನೆ ಅಂದರೆ ಯಾವ ಅತ್ತೆಯೂ ಬೇಡ ಅನ್ನಲಾರರು. ಆದರೆ ಅಕ್ಕನೂ ಬರುತ್ತಾಳೆ ಅನ್ನುವುದನ್ನು ಗಂಡನಿಗೆ ಹೇಳಿಯೇ ಹೋಗಿ. ಮಕ್ಕಳನ್ನು ಕರೆದುಕೊಂಡು ಹೋಗಿ. ಆ ಗುಡಿಯ ಕಂಬದ ಸಾಲಿನಲ್ಲಿ ನೆರಳಿದೆ, ಬುತ್ತಿ ಬಿಚ್ಚಿ ಕೂರಬಹುದು. ಅಪ್ಪನನ್ನೂ ಅಲ್ಲಿಗೇ ಬರಲು ಹೇಳಿ. ಅಲ್ಲಿ ತುಳಿಯಬೇಕಾದ ಹೊಸ್ತಿಲು ದೇವರದು.

ಅಣ್ಣ ತಂಗಿ ಒಬ್ಬರನ್ನೊಬ್ಬರು ನೋಡಿ ಮೊದಲು ನಾಚಿಕೊಳ್ಳಬಹುದು. 4 ವರ್ಷದ ಮಗುವಿಗೆ 14 ತಿಂಗಳು ಅಂದರೆ ಅವಳ ಆಯಸ್ಸಿನ ಕಾಲು ಭಾಗಕ್ಕಿಂತ ಜಾಸ್ತಿ. ತಳ್ಳಬೇಡಿ, ಕೂಗಬೇಡಿ. ಅವರ ಪಾಡಿಗೆ ಬಿಡಿ.

ಯಾರ ಕಡೆ ನಿಲ್ಲಲಿ ಅಂತ ಕೇಳಿದಿರಲ್ಲ. ಏಟಿನ ವಿಷಯದಲ್ಲಿ ಅಕ್ಕನ ಕಡೆ. ಮಕ್ಕಳ ವಿಷಯದಲ್ಲಿ ಮಕ್ಕಳ ಕಡೆ. ಉಳಿದ ಸಂಸಾರದ ಲೆಕ್ಕಾಚಾರ, ಅವರು ಕೂಡುವುದೋ ಬಿಡುವುದೋ, ಅದು ಅಕ್ಕ ಭಾವಂದಿರಿಗೆ ಸೇರಿದ್ದು. ಅದನ್ನು ನಿಮ್ಮ ತಲೆ ಮೇಲೆ ಹೊತ್ತುಕೊಳ್ಳಬೇಡಿ. ನಿಮ್ಮ ಗಂಡ ನಿಮ್ಮ ಮೇಲೆ ಕೈ ಎತ್ತಿದವರಲ್ಲ, ನಿಮ್ಮ ಸಂಸಾರ ನಿಮ್ಮದು. ಅದನ್ನು ಉಳಿಸಿಕೊಂಡರೆ ಅಕ್ಕನಿಗೆ ದ್ರೋಹ ಮಾಡಿದ ಹಾಗೆ ಆಗುವುದಿಲ್ಲ. ಇದನ್ನು ಅವಳೇ ಒಂದು ದಿನ ಹೇಳುತ್ತಾಳೆ ಅಂತ ನನಗೆ ಅನಿಸುತ್ತದೆ, ಆದರೆ ಅದನ್ನು ಅವಳಿಂದ ಈಗಲೇ ಕೇಳಬೇಡಿ. ಈ ನಡುವೆ ನಿಮಗೆ ನಿದ್ದೆ ಹತ್ತದಿದ್ದರೆ, ಸುಮ್ಮಸುಮ್ಮನೆ ಅಳು ಬರುತ್ತಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ಹೆಸರು ಹೇಳಲೇಬೇಕು ಅಂತಿಲ್ಲ.

ಈ ಭಾನುವಾರ ಪಡಸಾಲೆಯಲ್ಲಿ ಕೂತು ಅಕ್ಕನಿಗೆ ಫೋನ್ ಮಾಡಿ. ನೋಡಿದ್ದನ್ನು ಹೇಳುವ ಮಾತು ಅಷ್ಟರೊಳಗೆ ಬೇರೆ ದಿನ ಒಬ್ಬರೇ ಇರುವಾಗ ಆಗಿರಲಿ, ಅದು ಪಡಸಾಲೆಯ ಮಾತಲ್ಲ. ಭಾನುವಾರ ಕೇಸು, ಒಡವೆ, ಅತ್ತೆ ಯಾವುದೂ ಬೇಡ. ಇರುವೆ ಮುತ್ತಿದ ಕಂಪಾಸ್ ಬಾಕ್ಸಿನ ಕತೆ ಹೇಳಿ. ಆಮೇಲೆ ಫೋನನ್ನು ಹುಡುಗನ ಕೈಗೆ ಕೊಡಿ.